ಹೊಸ ತಂತ್ರವನ್ನು ಆದಾಯವನ್ನಾಗಿಸುವ ಬಗೆ: ಸಾಮೂಹಿಕ ಕಾಫಿ ಪಲ್ಪಿಂಗ್ ಸೇವೆಯ ಲೆಕ್ಕಾಚಾರ

ಮೂಡಿಗೆರೆ, ಕಳಸ ಮತ್ತು ಚಿಕ್ಕಮಗಳೂರು ಭಾಗದ ಕಾಫಿ ಬೆಳೆಗಾರರಲ್ಲಿ ಸಣ್ಣ ಹಿಡುವಳಿದಾರರೇ ಹೆಚ್ಚು. ನಾಲ್ಕೈದು ಎಕರೆ ಅರೇಬಿಕಾ ತೋಟವಿರುವ ರೈತರು ಸಾಮಾನ್ಯವಾಗಿ ಹಣ್ಣನ್ನು ಹಾಗೆಯೇ ಕಣದಲ್ಲಿ ಒಣಗಿಸಿ ಚೆರಿ ಮಾಡುತ್ತಾರೆ, ಇಲ್ಲವೆ ಹಸಿ ಹಣ್ಣನ್ನೇ ವ್ಯಾಪಾರಿಗೆ ಕೊಟ್ಟುಬಿಡುತ್ತಾರೆ. ಪಲ್ಪಿಂಗ್ ಮಾಡಿದ ಪಾರ್ಚ್‌ಮೆಂಟಿಗೆ ಒಳ್ಳೆಯ ಬೆಲೆ ಸಿಗುತ್ತದೆಂಬುದು ಅವರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೆ ಯಂತ್ರ, ತೊಟ್ಟಿ, ನೀರು ಮತ್ತು ಆಳು ಇವೆಲ್ಲವನ್ನೂ ಒಂದೇ ಮನೆಯವರು ಹೊಂದಿಸಿಕೊಳ್ಳುವುದು ಕಷ್ಟ. ಹಾಗಾದರೆ ಹಲವು ರೈತರು ಸೇರಿ ಈ ಕೆಲಸವನ್ನು ಒಂದು ಸೇವೆಯಾಗಿ ನಡೆಸಲು ಸಾಧ್ಯವೆ? ನಡೆಸುವುದಾದರೆ ಯಾವ ಲೆಕ್ಕ ಹಾಕಬೇಕು? ಈ ಲೇಖನದಲ್ಲಿ ಇದನ್ನು ವಿಚಾರ ಮಾಡೋಣ.

ತಂತ್ರ ಬೇರೆ, ವ್ಯವಹಾರ ಬೇರೆ

ಒಂದು ಊರಿನಲ್ಲಿ ನಾನು ಕಣ್ಣಾರೆ ಕಂಡ ಸಂಗತಿಯನ್ನು ಮೊದಲು ಹೇಳುತ್ತೇನೆ. ಅಲ್ಲಿನ ರೈತರ ಗುಂಪೊಂದಕ್ಕೆ ಸಹಾಯಧನದಲ್ಲಿ ಪಲ್ಪರ್ ಬಂತು. ಪ್ರಾತ್ಯಕ್ಷಿಕೆಗೆ ನಾವೂ ಹೋಗಿದ್ದೆವು. ಯಂತ್ರ ಚೆನ್ನಾಗಿಯೇ ಓಡಿತು, ಎಲ್ಲರೂ ಮೆಚ್ಚಿದರು. ಮೂರನೆಯ ವರ್ಷ ಹೋಗಿ ನೋಡಿದಾಗ ಅದು ಕೊಟ್ಟಿಗೆಯ ಮೂಲೆಯಲ್ಲಿ ತುಕ್ಕು ಹಿಡಿದಿತ್ತು. ಕೀಲಿಕೈ ಯಾರ ಬಳಿ ಇರಬೇಕು, ಬಾಡಿಗೆ ಎಷ್ಟು, ಕೆಟ್ಟರೆ ಯಾರು ರಿಪೇರಿ ಮಾಡಿಸಬೇಕು ಎಂಬುದನ್ನು ಯಾರೂ ತೀರ್ಮಾನಿಸಿರಲಿಲ್ಲ. ಅದನ್ನು ಮೊದಲೇ ಕೇಳದೆ ಬಂದ ತಪ್ಪು ನಮ್ಮದೂ ಹೌದು. ಯಂತ್ರ ತಂದದ್ದರಿಂದ ಸೇವೆ ಆರಂಭವಾದಂತಾಗುವುದಿಲ್ಲ.

ತಳಿಗಳ ವಿಷಯದಲ್ಲಿಯೂ ಇದೇ ಮಾತು. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರವು 1940ರ ದಶಕದಲ್ಲಿ ಎಸ್. 795 ತಳಿಯನ್ನು ಕೊಟ್ಟಿತು. ತಳಿ ಒಳ್ಳೆಯದಾಗಿದ್ದುದು ಅದು ಹರಡಲು ಒಂದು ಕಾರಣ ಮಾತ್ರ. ನಂಬಬಹುದಾದ ಬೀಜ ಸರಿಯಾದ ಕಾಲಕ್ಕೆ ಬೆಳೆಗಾರರ ಕೈಗೆ ಸಿಗುವ ಏರ್ಪಾಡೂ ಅದರ ಹಿಂದೆ ಇತ್ತು.

ನಮ್ಮ ಜಿಲ್ಲೆಯ ಕಾಫಿ ಕಲಿಸಿದ ಪಾಠಗಳು

1942ರ ಕಾಯಿದೆಯ ಪ್ರಕಾರ ಬೆಳೆಗಾರರು ತಮ್ಮ ಕಾಫಿಯನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕಾಗಿತ್ತು. ಮಾರಾಟದ ಹೊಣೆ ಮಂಡಳಿಯದು, ಹಣ ಮಾತ್ರ ಕಂತುಗಳಲ್ಲಿ ಬರುತ್ತಿತ್ತು. 1990ರ ದಶಕದ ಮೊದಲ ವರ್ಷಗಳಲ್ಲಿ ಈ ವ್ಯವಸ್ಥೆಯನ್ನು ಹಂತ ಹಂತವಾಗಿ ಸಡಿಲಿಸಿ, 1996ರಲ್ಲಿ ಮಾರಾಟವನ್ನು ಪೂರ್ಣವಾಗಿ ಮುಕ್ತಗೊಳಿಸಲಾಯಿತು. ಅಂದಿನಿಂದ ಯಾವ ರೂಪದಲ್ಲಿ, ಯಾವಾಗ, ಯಾರಿಗೆ ಮಾರಬೇಕೆಂಬ ನಿರ್ಧಾರ ರೈತರ ಪಾಲಿಗೆ ಬಂದಿದೆ. ನಿರ್ಧಾರದ ಜೊತೆಗೆ ನಷ್ಟದ ಭಯವೂ ಬಂದಿದೆ.

ಕಾಫಿಯನ್ನು ಬೀಜವಾಗಿ ಮಾರುವುದಷ್ಟೇ ಅಲ್ಲದೆ ಸೇವೆಯಾಗಿಯೂ ಮಾರಬಹುದೆಂಬುದಕ್ಕೆ ಎರಡು ನಿದರ್ಶನಗಳಿವೆ. ಮೊದಲನೆಯದು ಇಂಡಿಯಾ ಕಾಫಿ ಹೌಸ್. ಮಂಡಳಿಯು 1950ರ ದಶಕದಲ್ಲಿ ತನ್ನ ಕಾಫಿ ಹೌಸುಗಳನ್ನು ಮುಚ್ಚತೊಡಗಿದಾಗ, ಅಲ್ಲಿನ ಕೆಲಸಗಾರರೇ ಎ.ಕೆ. ಗೋಪಾಲನ್ ಅವರ ಪ್ರೋತ್ಸಾಹದಿಂದ ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಬೆಂಗಳೂರಿನ ಸಂಘವು 1957ರಲ್ಲಿ ಆರಂಭವಾಯಿತು. ಬಡಿಸುವವರೇ ಒಡೆಯರಾದುದರಿಂದ ಸೇವೆ ಉಳಿಯಿತು.

ಎರಡನೆಯದು ಕೆಫೆ ಕಾಫಿ ಡೇ. ಮೂಡಿಗೆರೆ ತಾಲ್ಲೂಕಿನ ಕಾಫಿ ಬೆಳೆಗಾರ ಮನೆತನದ ವಿ.ಜಿ. ಸಿದ್ಧಾರ್ಥ ಅವರು 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ತೆರೆದರು. ಕಾಫಿಯ ಜೊತೆಗೆ, ಆಗ ಹೊಸದಾಗಿದ್ದ ಇಂಟರ್‌ನೆಟ್ಟನ್ನೂ ಕುಳಿತು ಮಾತನಾಡಲು ಸ್ಥಳವನ್ನೂ ಗಿರಾಕಿಗೆ ಒದಗಿಸಿದರು. ತೋಟದಿಂದ ಲೋಟದವರೆಗಿನ ಎಲ್ಲ ಹಂತಗಳನ್ನೂ ಒಂದೇ ಸಂಸ್ಥೆ ನೋಡಿಕೊಂಡಿತು. ಆದರೆ ಇದೇ ಸಮೂಹ ಭಾರಿ ಸಾಲದ ಹೊರೆಗೂ ಸಿಲುಕಿತು. 2019ರಲ್ಲಿ ಸಿದ್ಧಾರ್ಥ ಅವರು ತೀರಿಕೊಂಡ ನಂತರ ಸಂಸ್ಥೆಯು ಆಸ್ತಿಗಳನ್ನು ಮಾರಿ ಸಾಲ ಇಳಿಸಬೇಕಾಯಿತು. ಸೇವೆ ಜನಪ್ರಿಯವಾದ ಮಾತ್ರಕ್ಕೆ ಹಣಕಾಸು ಭದ್ರವಾಗಿದೆ ಎಂದು ತಿಳಿಯಬಾರದು. ಇವೆರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು.

ಮೊದಲು ರೈತನ ಲೆಕ್ಕ

ಸುಮಾರು 100 ಕೆ.ಜಿ. ಅರೇಬಿಕಾ ಹಣ್ಣಿನಿಂದ 20 ಕೆ.ಜಿ. ಒಣ ಪಾರ್ಚ್‌ಮೆಂಟ್, ಅದರಿಂದ 16 ಕೆ.ಜಿ. ಶುದ್ಧ ಬೀಜ ಸಿಗುತ್ತದೆ. ಚೆರಿ ಮಾಡಿದರೂ ಬೀಜದ ತೂಕ ಹೆಚ್ಚುಕಡಿಮೆ ಅಷ್ಟೇ. ಆದರೆ 50 ಕೆ.ಜಿ. ಪಾರ್ಚ್‌ಮೆಂಟ್ ಮೂಟೆಯಲ್ಲಿ ಸುಮಾರು 40 ಕೆ.ಜಿ. ಬೀಜವಿದ್ದರೆ, ಚೆರಿ ಮೂಟೆಯಲ್ಲಿ ಸುಮಾರು 25 ಕೆ.ಜಿ. ಮಾತ್ರ ಇರುತ್ತದೆ. ಆದುದರಿಂದ ಮೂಟೆಯ ಬೆಲೆಗಳನ್ನು ನೇರವಾಗಿ ಹೋಲಿಸಬಾರದು. ಪಾರ್ಚ್‌ಮೆಂಟ್ ದರವನ್ನು 40ರಿಂದಲೂ ಚೆರಿ ದರವನ್ನು 25ರಿಂದಲೂ ಭಾಗಿಸಿ, ಬೀಜದ ಕಿಲೋ ಬೆಲೆಯನ್ನು ಹೋಲಿಸಬೇಕು.

ತಿಳಿವಳಿಕೆಗಾಗಿ ಒಂದು ಉದಾಹರಣೆ (ಇವು ಪೇಟೆಯ ದರಗಳಲ್ಲ): ಪಾರ್ಚ್‌ಮೆಂಟ್ ಮೂಟೆಗೆ ರೂ. 20,000 ಇದ್ದರೆ ಬೀಜದ ಕಿಲೋಗೆ ರೂ. 500 ಆಯಿತು. ಚೆರಿ ಮೂಟೆಗೆ ರೂ. 11,250 ಇದ್ದರೆ ಕಿಲೋಗೆ ರೂ. 450. ವ್ಯತ್ಯಾಸ ರೂ. 50. ಅಂದರೆ 100 ಕೆ.ಜಿ. ಹಣ್ಣಿಗೆ, 16 ಕೆ.ಜಿ. ಬೀಜದ ಲೆಕ್ಕದಲ್ಲಿ, ರೂ. 800 ಹೆಚ್ಚುವರಿ. ಸೇವೆಗೆ ಹಣ್ಣಿನ ಕಿಲೋಗೆ ರೂ. 5ರಂತೆ ರೂ. 500 ಕಳೆದರೆ ರೈತನಿಗೆ ರೂ. 300 ಉಳಿಯುತ್ತದೆ. ಚೆರಿ ಒಣಗಿಸುವ ಖರ್ಚು ಉಳಿದುದು ಬೇರೆ. ಆದರೆ ಚೆರಿ ಮೂಟೆ ರೂ. 12,000ಕ್ಕೆ ಏರಿದರೆ ವ್ಯತ್ಯಾಸ ರೂ. 20ಕ್ಕೆ ಇಳಿದು, ಹೆಚ್ಚುವರಿ ರೂ. 320 ಮಾತ್ರ ಆಗುತ್ತದೆ. ಆಗ ಒಣಗಿಸುವ ಖರ್ಚಿನಲ್ಲಿ ರೂ. 180ಕ್ಕಿಂತ ಹೆಚ್ಚು ಉಳಿಯದಿದ್ದರೆ ಪಲ್ಪಿಂಗ್ ನಷ್ಟವೇ ಸರಿ. ರೈತನಿಗೆ ಲಾಭವಿಲ್ಲದ ವರ್ಷ ಆತ ಹಣ್ಣು ತರುವುದಿಲ್ಲ. ಸೇವೆ ನಡೆಸುವವರು ಇದನ್ನು ಮೊದಲೇ ಅರಿತಿರಬೇಕು.

ನಂತರ ಘಟಕದ ಲೆಕ್ಕ

ಪಲ್ಪರ್, ತೊಟ್ಟಿ, ಶೆಡ್ಡು, ಒಣಗಿಸುವ ಮೇಜುಗಳು ಸೇರಿ ಬಂಡವಾಳ ರೂ. 6,00,000 ಎಂದು ಇಟ್ಟುಕೊಳ್ಳೋಣ.

1. ಹತ್ತು ವರ್ಷ ಬಾಳಿಕೆಯಂತೆ ವರ್ಷದ ಸವಕಳಿ: ರೂ. 60,000
2. ಶೇಕಡಾ 10ರಂತೆ ಮೊದಲ ವರ್ಷದ ಬಡ್ಡಿ: ರೂ. 60,000
3. ರಿಪೇರಿ ನಿಧಿ: ರೂ. 20,000

ಹಣ್ಣು ಬರಲಿ ಬಿಡಲಿ, ಈ ರೂ. 1,40,000 ಖರ್ಚು ಇದ್ದೇ ಇರುತ್ತದೆ. ಕೂಲಿ, ವಿದ್ಯುತ್ತು ಮುಂತಾದ ಚಾಲನಾ ವೆಚ್ಚ ಹಣ್ಣಿನ ಕಿಲೋಗೆ ರೂ. 3 ಆದರೆ, ರೂ. 5ರ ಶುಲ್ಕದಲ್ಲಿ ರೂ. 2 ಉಳಿಯುತ್ತದೆ. ಅಂದರೆ ವರ್ಷಕ್ಕೆ 70,000 ಕೆ.ಜಿ. ಹಣ್ಣು ಬಂದರೆ ಮಾತ್ರ ಲಾಭವೂ ಇಲ್ಲ, ನಷ್ಟವೂ ಇಲ್ಲ. ಮನೆಯೊಂದಕ್ಕೆ 4 ಟನ್ನಿನಂತೆ 18 ಮನೆಗಳು ಬೇಕು. ಹತ್ತೇ ಮನೆಗಳು ಸೇರಿದರೆ 40 ಟನ್ ಹಣ್ಣು ಬಂದು, ವರ್ಷಕ್ಕೆ ರೂ. 60,000 ನಷ್ಟವಾಗುತ್ತದೆ. ಯಂತ್ರ ಕೊಳ್ಳುವ ಮೊದಲು ಮನೆಗಳನ್ನು ಎಣಿಸಬೇಕು ಎಂಬುದಕ್ಕೆ ಇದೇ ಕಾರಣ.

ಯಂತ್ರದ ಸಾಮರ್ಥ್ಯವನ್ನೂ ಸರಾಸರಿ ನೋಡಿ ನಿರ್ಧರಿಸಬಾರದು. 70 ಟನ್ ಹಣ್ಣು 40 ದಿನಗಳಲ್ಲಿ ಬಂದರೆ ದಿನಕ್ಕೆ 1,750 ಕೆ.ಜಿ. ಆಗುತ್ತದೆ. ಆದರೆ ಕೊಯ್ಲಿನ ಭರದಲ್ಲಿ ಒಂದೇ ದಿನ ಇದರ ಇಮ್ಮಡಿ ಬರಬಹುದು. ಕೊಯ್ದ ದಿನವೇ ಪಲ್ಪಿಂಗ್ ಆಗದಿದ್ದರೆ ಹಣ್ಣು ಹುದುಗಿ ರುಚಿ ಕೆಡುತ್ತದೆ. ಆದುದರಿಂದ ಯಾರ ತೋಟದ ಕೊಯ್ಲು ಯಾವ ದಿನ ಎಂಬ ಸರದಿ ಪಟ್ಟಿಯನ್ನು ನವೆಂಬರಿಗೆ ಮೊದಲೇ ಸಿದ್ಧಪಡಿಸತಕ್ಕದ್ದು.

ಅನುಸರಿಸಬೇಕಾದ ಕ್ರಮಗಳು

1. ಮೊದಲ ಹಂಗಾಮಿನಲ್ಲಿ ಕೊಳ್ಳದೆ, ಪಲ್ಪರ್ ಇರುವ ತೋಟದವರೊಡನೆ ಬಾಡಿಗೆ ಒಪ್ಪಂದ ಮಾಡಿಕೊಂಡು ನಾಲ್ಕೈದು ಮನೆಗಳ ಹಣ್ಣಿನಲ್ಲಿ ಪ್ರಯೋಗ ನಡೆಸಿರಿ.

2. ಚೆನ್ನಾಗಿ ಕಳಿತ ಹಣ್ಣನ್ನು ಮಾತ್ರ ತೆಗೆದುಕೊಳ್ಳಬೇಕು. ಕಾಯಿ ಮತ್ತು ಅತಿ ಕಳಿತ ಹಣ್ಣನ್ನು ಬೇರ್ಪಡಿಸಿ ಚೆರಿಗೆ ಬಿಡಬೇಕು. ಈ ನಿಯಮ ಅಧ್ಯಕ್ಷರ ಮನೆಯ ಹಣ್ಣಿಗೂ ಅನ್ವಯಿಸಬೇಕು.

3. ಪ್ರತಿ ಮನೆಯ ಹಣ್ಣನ್ನು ಎದುರಿಗೇ ತೂಗಿ ಚೀಟಿ ಕೊಡಬೇಕು. ಗುಂಪು ಒಡೆಯುವುದು ಸಾಮಾನ್ಯವಾಗಿ ತೂಕದ ಜಗಳದಿಂದಲೇ.

4. ಲೋಳೆ ಹೋಗಲು ಅರೇಬಿಕಾವನ್ನು 24ರಿಂದ 36 ಗಂಟೆ ಹುದುಗಿಸಿ, ಚೆನ್ನಾಗಿ ತೊಳೆದು, ತೇವಾಂಶ ಶೇಕಡಾ 10ಕ್ಕೆ ಇಳಿಯುವವರೆಗೆ ಒಣಗಿಸಬೇಕು.

5. ತೊಳೆದ ನೀರನ್ನು ಹಳ್ಳಕ್ಕೆ ಬಿಡಲೇಬಾರದು. ನಮ್ಮ ಹಳ್ಳಗಳು ಭದ್ರೆಗೂ ಹೇಮಾವತಿಗೂ ಸೇರುತ್ತವೆ, ಕೆಳಗಿನ ಊರಿನವರು ಅದನ್ನೇ ಕುಡಿಯುತ್ತಾರೆ. ಕಡಿಮೆ ನೀರು ಬಳಸುವ ಪಲ್ಪರನ್ನು ಆರಿಸಿ, ನೀರನ್ನು ಗುಂಡಿಗಳಲ್ಲಿ ಸಂಸ್ಕರಿಸಿರಿ. ಸಿಪ್ಪೆಯಿಂದ ಕಾಂಪೋಸ್ಟ್ ತಯಾರಿಸಿರಿ. ಈ ಖರ್ಚನ್ನೂ ಬಂಡವಾಳದಲ್ಲಿಯೇ ಸೇರಿಸತಕ್ಕದ್ದು.

6. ಒಬ್ಬರನ್ನು ಸಂಬಳಕ್ಕೆ ನೇಮಿಸಿ, ಕೀಲಿಕೈ, ಪುಸ್ತಕ ಮತ್ತು ಹೊಣೆ ಮೂರನ್ನೂ ಅವರಿಗೇ ವಹಿಸಬೇಕು. ಸವಕಳಿ ಮತ್ತು ರಿಪೇರಿ ಹಣವನ್ನು ಬೇರೆ ಬ್ಯಾಂಕ್ ಖಾತೆಯಲ್ಲಿ ಇಡಬೇಕು.

7. ಚಿಕ್ಕಮಗಳೂರು ಅರೇಬಿಕಾ ಮತ್ತು ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ 2019ರಲ್ಲಿ ಭೌಗೋಳಿಕ ಗುರುತಿನ ನೋಂದಣಿ ದೊರೆತಿದೆ. ಆ ಹೆಸರುಗಳಲ್ಲಿ ಮಾರಲು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು. ಗುಣಮಟ್ಟ ಎರಡು ಮೂರು ಹಂಗಾಮು ಒಂದೇ ಸಮನಾಗಿದ್ದರೆ ಹೆಸರಿನಿಂದ ಪ್ರಯೋಜನವಾಗುತ್ತದೆ.

ವಿಸ್ತರಣಾ ಕಾರ್ಯಕರ್ತರಿಗೆ ಒಂದು ಮಾತು. ಪ್ರಾತ್ಯಕ್ಷಿಕೆ ಮುಗಿದ ದಿನ ನಮ್ಮ ಕೆಲಸ ಮುಗಿಯುವುದಿಲ್ಲ. ಮೂರನೆಯ ಹಂಗಾಮಿನಲ್ಲಿ ಯಂತ್ರ ಓಡುತ್ತಿದೆಯೆ, ಖಾತೆಯಲ್ಲಿ ರಿಪೇರಿ ಹಣವಿದೆಯೆ ಎಂದು ಹೋಗಿ ನೋಡಿದ ಮೇಲೆಯೇ ವರದಿಯಲ್ಲಿ "ಯಶಸ್ವಿ" ಎಂದು ಬರೆಯಬೇಕು.

ರೈತ ಬಾಂಧವರು ಈ ಮಳೆಗಾಲದಲ್ಲಿಯೇ ನೆರೆಹೊರೆಯವರೊಡನೆ ಕುಳಿತು, ಮೇಲಿನ ಅಂಕಿಗಳ ಜಾಗದಲ್ಲಿ ತಮ್ಮೂರಿನ ಕೂಲಿ, ದರ ಮತ್ತು ಹಣ್ಣಿನ ಪ್ರಮಾಣವನ್ನು ಹಾಕಿ ಲೆಕ್ಕ ಮಾಡಿ ನೋಡಲಿ. ಲೆಕ್ಕ ಕೂಡದಿದ್ದರೆ ಕೈಬಿಡುವುದೂ ಜಾಣತನವೇ. ಕೂಡಿದರೆ ಹತ್ತಿರದ ಕಾಫಿ ಮಂಡಳಿ ಕಚೇರಿಯನ್ನು ಸಂಪರ್ಕಿಸಿ, ತಾಂತ್ರಿಕ ಸಲಹೆ ಮತ್ತು ಜಾರಿಯಲ್ಲಿರುವ ನೆರವಿನ ವಿವರ ಪಡೆದು ಮುಂದುವರಿಯಬಹುದು.