ಅತಿತ್ಲಾನ್ ಸರೋವರದ ಮಗ್ಗಗಳು: ಕೈಕಸಬಿನ ಅಸಲು ಲೆಕ್ಕ

ಸಕಲೇಶಪುರ, ಮಡಿಕೇರಿಗಳ ಏಲಕ್ಕಿ ವರ್ತಕರಿಗೆ ಗ್ವಾಟೆಮಾಲ ಎಂಬ ಹೆಸರು ಹೊಸದಲ್ಲ. ಮಧ್ಯ ಅಮೆರಿಕದ ಈ ಪುಟ್ಟ ದೇಶವು ವಿಶ್ವ ಮಾರುಕಟ್ಟೆಯಲ್ಲಿ ಭಾರತದ ಏಲಕ್ಕಿಗೆ ಪ್ರಬಲ ಪ್ರತಿಸ್ಪರ್ಧಿಯಾಗಿದೆ. ಆದರೆ ಏಲಕ್ಕಿ ಬೆಳೆಯುವ ಉತ್ತರದ ಆಲ್ಟಾ ವೆರಪಾಸ್ ಪ್ರಾಂತ್ಯವನ್ನು ಬಿಟ್ಟು ನೈಋತ್ಯದ ಬೆಟ್ಟಸೀಮೆಗೆ ಪಯಣಿಸಿದವರಿಗೆ ಬೇರೆಯೇ ಒಂದು ಉದ್ಯಮದ ದರ್ಶನವಾಗುತ್ತದೆ. ಕೈಮಗ್ಗ, ಕರಕುಶಲ ವಸ್ತು, ಗೃಹೋದ್ಯಮಗಳಲ್ಲಿ ತೊಡಗಿರುವವರು ಅದರಿಂದ ಕಲಿಯಬೇಕಾದುದು ಸಾಕಷ್ಟಿದೆ.

ಸಮುದ್ರಮಟ್ಟದಿಂದ ಸುಮಾರು 1,560 ಮೀಟರ್ ಎತ್ತರದಲ್ಲಿರುವ ಅತಿತ್ಲಾನ್ ಸರೋವರವು ಪುರಾತನ ಜ್ವಾಲಾಮುಖಿಯೊಂದು ಸಿಡಿದು ಕುಸಿದ ಕುಳಿಯಲ್ಲಿ ನಿಂತ ನೀರು. ಅದರ ಆಳ 300 ಮೀಟರಿಗೂ ಅಧಿಕ. ದಕ್ಷಿಣ ದಡದಲ್ಲಿ ಅತಿತ್ಲಾನ್, ತೊಲಿಮಾನ್, ಸಾನ್ ಪೆದ್ರೊ ಎಂಬ ಮೂರು ಜ್ವಾಲಾಮುಖಿಗಳು ನಿಂತಿವೆ. ಸುತ್ತಲಿನ ಹಳ್ಳಿಗಳಲ್ಲಿ ಮಾಯಾ ಜನಾಂಗಕ್ಕೆ ಸೇರಿದ ಕಕ್ಚಿಕೆಲ್ ಮತ್ತು ತ್ಸುತುಹಿಲ್ ಭಾಷಿಕರು ವಾಸಿಸುತ್ತಾರೆ. ಒಂದು ಹಳ್ಳಿಯಿಂದ ಇನ್ನೊಂದಕ್ಕೆ ಹೋಗಲು ಯಂತ್ರದೋಣಿಯೇ ಅನುಕೂಲ. ಮಧ್ಯಾಹ್ನವಾಗುತ್ತಿದ್ದಂತೆ ಶೊಕೊಮಿಲ್ ಎಂಬ ಗಾಳಿ ಎದ್ದು ನೀರು ಅಲ್ಲೋಲಕಲ್ಲೋಲವಾಗುವುದರಿಂದ ಸರಕಿನವರೂ ಪ್ರವಾಸಿಗರೂ ಬೆಳಗಿನ ಹೊತ್ತಿನಲ್ಲೇ ದಾಟಲು ಬಯಸುತ್ತಾರೆ.

ದೋಣಿ ಹೊರಡುವ ಪನಹಾಚೆಲ್ ಊರಿನ ಮುಖ್ಯ ಬೀದಿಯ ಇಕ್ಕೆಲಗಳಲ್ಲಿಯೂ ಬಟ್ಟೆಯಂಗಡಿಗಳೇ ತುಂಬಿವೆ. ಅಲ್ಲಿ ಕೈನೇಯ್ಗೆಯ ಮಾಲೂ ಯಂತ್ರದ ಮಾಲೂ ಒಂದೇ ಹಲಗೆಯ ಮೇಲಿರುತ್ತವೆ. ಹೊಸಬರಿಗೆ ವ್ಯತ್ಯಾಸ ತಿಳಿಯದು. ಪೂರ್ವದ ದಡದ ಸಾಂತಾ ಕತರೀನಾ ಪಲೊಪೊದಲ್ಲಿ 2016ರಲ್ಲಿ ಆರಂಭವಾದ ಯೋಜನೆಯೊಂದರಡಿ ಮನೆಗಳ ಗೋಡೆಗಳಿಗೆ ಉಡುಪಿನ ಚಿತ್ತಾರಗಳನ್ನೇ ಬರೆಯಲಾಯಿತು. ಅಲ್ಲಿಂದ ದಕ್ಷಿಣದ ಸಾಂತಿಯಾಗೊ ಅತಿತ್ಲಾನ್‌ಗೆ ಬಂದರೆ ಸ್ತ್ರೀಯರ ರವಿಕೆಗಳ ಮೇಲೆ ಹಕ್ಕಿಗಳ ಕಸೂತಿ ಎದ್ದು ಕಾಣುತ್ತದೆ. ಇಲ್ಲಿ ಮಾಶಿಮೋನ್ ಎಂಬ ದೈವದ ವಿಗ್ರಹವು ವರ್ಷಕ್ಕೊಬ್ಬರಂತೆ ಊರವರ ಮನೆಯಲ್ಲಿ ವಾಸ್ತವ್ಯ ಮಾಡುತ್ತದೆ. ಸರದಿಯಲ್ಲಿರುವ ಗೃಹಸ್ಥನೇ ಖರ್ಚನ್ನೂ ಗೌರವವನ್ನೂ ಹೊರಬೇಕು. ದೇಶದ 25 ಸೆಂತಾವೊ ನಾಣ್ಯದ ಮೇಲೆ ಅಚ್ಚಾಗಿರುವುದು ತಲೆಗೆ ಉದ್ದನೆಯ ಪಟ್ಟಿ ಸುತ್ತಿಕೊಂಡ ಈ ಊರಿನ ಸ್ತ್ರೀಯ ಮುಖ.

ಆ ರವಿಕೆಯ ಹೆಸರು ವಿಪಿಲ್. ಅದನ್ನು ನೇಯುವ ಮಗ್ಗಕ್ಕೆ ಚೌಕಟ್ಟಿಲ್ಲ. ಹಾಸಿನ ಒಂದು ತುದಿಯನ್ನು ಕಂಬಕ್ಕೋ ಮರಕ್ಕೋ ಕಟ್ಟಿ, ಇನ್ನೊಂದು ತುದಿಯನ್ನು ಪಟ್ಟಿಯ ಮೂಲಕ ನೇಯುವವಳ ಸೊಂಟಕ್ಕೆ ಬಿಗಿಯಲಾಗುತ್ತದೆ. ಬಂಡವಾಳವೆಂದರೆ ಕೆಲವು ಕೋಲುಗಳು ಮತ್ತು ನೂಲು ಮಾತ್ರ. ಕೈ ಚಾಚುವಷ್ಟೇ ಅಗಲದ ಬಟ್ಟೆ ಬರುವುದರಿಂದ ಎರಡು ಮೂರು ಪಟ್ಟಿಗಳನ್ನು ಜೋಡಿಸಬೇಕು. ಚಿತ್ತಾರ ಹೆಚ್ಚಿದ್ದರೆ ಒಂದು ವಿಪಿಲ್ ಮುಗಿಯಲು ತಿಂಗಳುಗಳೇ ಬೇಕಾಗುತ್ತವೆ. ಅಡುಗೆ, ಮಕ್ಕಳು, ಜೋಳದ ಹೊಲ ಇವುಗಳ ನಡುವೆ ಬಿಡುವಾದಾಗ ನೇಯುವ ಕೆಲಸವಾದುದರಿಂದ ಗಂಟೆಗಳನ್ನು ಯಾರೂ ಬರೆದಿಡುವುದಿಲ್ಲ. ತೊಡಕಿನ ಮೂಲ ಇಲ್ಲಿಯೇ ಇದೆ.

ಒಂದು ಕಲ್ಪಿತ ಉದಾಹರಣೆಯನ್ನು ಗಮನಿಸಬಹುದು. ಶಾಲೊಂದಕ್ಕೆ ನೂಲು 60 ಕ್ವೆಟ್ಸಾಲ್, ಬಣ್ಣ 20 ಕ್ವೆಟ್ಸಾಲ್, ನೇಯಲು 30 ಗಂಟೆ ಎಂದಿಟ್ಟುಕೊಳ್ಳೋಣ. ದಲ್ಲಾಳಿ ಅದನ್ನು 120ಕ್ಕೆ ಕೊಂಡು, ಅಂಗಡಿಯಲ್ಲಿ 250ಕ್ಕೆ ಮಾರುತ್ತಾನೆ. ನೇಯ್ದವಳ ಮನಸ್ಸಿನಲ್ಲಿ 40 ಕ್ವೆಟ್ಸಾಲ್ ಲಾಭ. ಆದರೆ ಗಂಟೆಗೆ 8 ಕ್ವೆಟ್ಸಾಲ್‌ನಂತೆ ಮಜೂರಿ ಹಿಡಿದರೆ ಶ್ರಮದ ವೆಚ್ಚವೇ 240. ಒಟ್ಟು ಅಸಲು 320. ಅಂದರೆ ಆಕೆ ಪ್ರತಿ ಶಾಲಿಗೂ 200 ಕ್ವೆಟ್ಸಾಲ್ ಕೈಯಿಂದ ಹಾಕಿ ಮಾರುತ್ತಿದ್ದಾಳೆ. ದಲ್ಲಾಳಿಯನ್ನು ದೂರುವುದು ಸುಲಭ. ಅವನನ್ನು ಪೂರ್ತಿಯಾಗಿ ತೆಗೆದುಹಾಕಿ ಆಕೆಯೇ 250ಕ್ಕೆ ಮಾರಿದರೂ 70 ನಷ್ಟವೇ. ಬೀದಿಯ ಚಿಲ್ಲರೆ ದರವೇ ಅಸಲಿಗಿಂತ ಕೆಳಗಿರುವುದನ್ನು ಕೇವಲ ದಲ್ಲಾಳಿಯ ಲಾಭಾಂಶವನ್ನು ನೋಡುವವರು ಗಮನಿಸುವುದಿಲ್ಲ.

ಈ ಸೀಮೆಯಲ್ಲಿ ಶ್ರಮಕ್ಕೆ ಬೆಲೆ ಹಚ್ಚದಿರುವುದು ಹೊಸ ಸಂಗತಿಯೂ ಅಲ್ಲ. 19ನೆಯ ಶತಮಾನದ ಮಧ್ಯಭಾಗದಲ್ಲಿ ಗ್ವಾಟೆಮಾಲದ ಪ್ರಧಾನ ರಫ್ತು ಪಾಪಾಸುಕಳ್ಳಿಯ ಮೇಲೆ ಬೆಳೆಸುವ ಕೊಚಿನಿಲ್ ಕೀಟದ ಕೆಂಪು ಬಣ್ಣವಾಗಿತ್ತು. 1856ರಲ್ಲಿ ಇಂಗ್ಲೆಂಡಿನ ಪರ್ಕಿನ್ ಕೃತಕ ವರ್ಣವನ್ನು ಕಂಡುಹಿಡಿದ ನಂತರದ ದಶಕಗಳಲ್ಲಿ ಆ ವ್ಯಾಪಾರ ಕುಸಿದು ಕಾಫಿ ಮುಂದೆ ಬಂತು. ಕಾಫಿ ತೋಟಗಳಿಗೆ ಆಳುಗಳನ್ನು ಒದಗಿಸಲು 1877ರಲ್ಲಿ ಬಾರ್ರಿಯೊಸ್ ಸರ್ಕಾರ ನಿಯಮಾವಳಿಯನ್ನೇ ಹೊರಡಿಸಿ, ಬೆಟ್ಟದ ಹಳ್ಳಿಗಳ ಮಾಯಾ ಜನರನ್ನು ಬಲವಂತದಿಂದ ದುಡಿಸಿತು.

ಅದೇ ಕೊಚಿನಿಲ್ ಇಂದು ಪಶ್ಚಿಮ ದಡದ ಸಾನ್ ಹುವಾನ್ ಲಾ ಲಗೂನಾದಲ್ಲಿ ಲಾಭದ ಸಾಧನವಾಗಿ ಮರಳಿದೆ. ಈ ಹಳ್ಳಿಯ ಮಹಿಳಾ ನೇಕಾರ ಸಹಕಾರಿ ಗುಂಪುಗಳು ನೈಸರ್ಗಿಕ ಬಣ್ಣಗಳನ್ನೇ ತಮ್ಮ ಗುರುತನ್ನಾಗಿ ಮಾಡಿಕೊಂಡಿವೆ. ಅಂಗಡಿಗೆ ಬಂದವರ ಎದುರಿಗೇ ಹತ್ತಿಯನ್ನು ನೂಲುತ್ತಾರೆ, ಕಳ್ಳಿಯ ಮೇಲಿನ ಕೀಟವನ್ನು ಅರೆದು ಕೆಂಪು ಮಾಡಿ ತೋರಿಸುತ್ತಾರೆ, ಮಗ್ಗಕ್ಕೆ ಸೊಂಟ ಕೊಟ್ಟು ಕುಳಿತುಕೊಳ್ಳುತ್ತಾರೆ. ಕೆಲವು ಮಳಿಗೆಗಳಲ್ಲಿ ಪ್ರತಿ ವಸ್ತುವಿನ ಚೀಟಿಯ ಮೇಲೆ ನೇಯ್ದವಳ ಹೆಸರೂ ಇರುತ್ತದೆ. ಲೆಕ್ಕಪತ್ರದ ದೃಷ್ಟಿಯಿಂದ ಇದು ಪ್ರದರ್ಶನಕ್ಕಿಂತ ಹೆಚ್ಚಿನದು. ಮೇಲಿನ ಲೆಕ್ಕದ ಆ 30 ಗಂಟೆಗಳನ್ನು ಕೊಳ್ಳುವವನ ಕಣ್ಣಿಗೆ ಕಾಣಿಸಿದ ಮೇಲೆ 350 ಕೇಳಲು ಬಾಯಿ ಬರುತ್ತದೆ. ಪನಹಾಚೆಲ್‌ನ ಬೀದಿಯಲ್ಲಿ ಅದೇ ಶಾಲಿಗೆ 250ರ ಮೇಲೆ ಚೌಕಾಸಿ ನಡೆಯುತ್ತದೆ.

ಆದರೆ ಚಿತ್ತಾರ ಯಾರ ಸ್ವತ್ತು ಎಂಬ ಪ್ರಶ್ನೆಯನ್ನು ಅಂಗಡಿಯೊಳಗೆ ಬಗೆಹರಿಸಲಾಗದು. ಕಾರ್ಖಾನೆಗಳು ವಿಪಿಲ್‌ನ ವಿನ್ಯಾಸವನ್ನು ಅಗ್ಗದ ಬಟ್ಟೆಯ ಮೇಲೆ ಮುದ್ರಿಸಿ ಮಾರಿದರೆ ನೇಯುವವರಿಗೆ ಬಿಡಿಗಾಸೂ ಬಾರದು. ಮಾಯಾ ಸ್ತ್ರೀಯರ ಸಂಘಟನೆಗಳು ಈ ವಿಚಾರವನ್ನು ಸಂವಿಧಾನ ನ್ಯಾಯಾಲಯಕ್ಕೆ ಒಯ್ದವು. 2017ರಲ್ಲಿ ಆ ನ್ಯಾಯಾಲಯವು, ಈ ನೇಯ್ಗೆಯನ್ನು ರಕ್ಷಿಸುವ ಶಾಸನವನ್ನು ಪರಿಗಣಿಸುವಂತೆ ಸಂಸತ್ತಿಗೆ ಸೂಚಿಸಿತು. ವಿನ್ಯಾಸವು ಒಬ್ಬ ವ್ಯಕ್ತಿಯದಲ್ಲ, ಇಡೀ ಊರಿನದು ಎಂಬುದೇ ಮಹಿಳೆಯರ ವಾದದ ತಿರುಳು. ಭಾರತದಲ್ಲಿ 2003ರಿಂದ ಜಾರಿಯಲ್ಲಿರುವ ಭೌಗೋಳಿಕ ಸೂಚ್ಯಂಕ ಕಾಯಿದೆಯಡಿ ನೋಂದಣಿಯಾದ ಇಳಕಲ್ ಸೀರೆಗೆ ದೊರೆತಿರುವುದು ಮುಖ್ಯವಾಗಿ ಹೆಸರಿನ ರಕ್ಷಣೆ. ಹೆಸರಿಗೂ ವಿನ್ಯಾಸಕ್ಕೂ ಇರುವ ಈ ಅಂತರವನ್ನು ಅರಿಯದೆ ನೋಂದಣಿಯೊಂದನ್ನೇ ನೆಚ್ಚಿ ಕೂರುವುದು ಜಾಣತನವಲ್ಲ.

ಸರೋವರವೂ ಈ ವ್ಯಾಪಾರದ ಬಂಡವಾಳವೇ, ಯಾರ ಖಾತೆಯಲ್ಲೂ ಅದು ಕಾಣದಿದ್ದರೂ. 2009ರಲ್ಲಿ ಊರುಗಳ ಕೊಳಚೆ ಮತ್ತು ಹೊಲಗಳ ಗೊಬ್ಬರ ಸೇರಿ ನೀಲಿ-ಹಸಿರು ಪಾಚಿ ನೀರಿನ ಮೇಲೆ ವಿಪರೀತವಾಗಿ ಹರಡಿ, ಪ್ರವಾಸಿಗರ ಬರವಿಗೆ ಪೆಟ್ಟು ಬಿತ್ತು. ಸಾನ್ ಪೆದ್ರೊ ಲಾ ಲಗೂನಾ ಪುರಸಭೆ 2016ರಲ್ಲಿ ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿತು. ಸಂತೆಗೆ ಮತ್ತೆ ಬುಟ್ಟಿ, ಬಟ್ಟೆಗಳು ಬಂದವು.

ಇನ್ನುಳಿದುದು ದುಡಿಯುವ ಬಂಡವಾಳ. ವಿದೇಶದಿಂದ ದೊಡ್ಡ ಬೇಡಿಕೆ ಬಂದಾಗ ನೂಲು ಕೊಳ್ಳಲು ಕೈಯಲ್ಲಿ ಹಣವಿಲ್ಲದ ಗುಂಪು ನೂಲಿನ ವ್ಯಾಪಾರಿಯ ಉದ್ದರಿಗೆ ಬೀಳುತ್ತದೆ. ಕಡೆಗೆ ಬಟ್ಟೆಯ ದರ ಹೇಳುವವನೂ ಅವನೇ ಆಗುತ್ತಾನೆ. ಇದಕ್ಕಾಗಿಯೇ ವಿಶ್ವ ನ್ಯಾಯೋಚಿತ ವ್ಯಾಪಾರ ಸಂಸ್ಥೆಯ ತತ್ತ್ವಗಳು, ಕರಕುಶಲ ಉತ್ಪಾದಕರು ಕೋರಿದಲ್ಲಿ ಬೇಡಿಕೆಯ ಮೌಲ್ಯದ ಕನಿಷ್ಠ ಶೇ. 50ರಷ್ಟನ್ನು ಬಡ್ಡಿಯಿಲ್ಲದೆ ಮುಂಗಡ ಕೊಡಬೇಕೆಂದು ವಿಧಿಸುತ್ತವೆ. 320 ಅಸಲಿನ ಶಾಲನ್ನು 350ಕ್ಕೆ ಒಪ್ಪಿಕೊಂಡರೆ 175 ಮುಂಗಡವಾಗಿ ಬರುತ್ತದೆ. ನೂಲು, ಬಣ್ಣಗಳ 80 ಅದರಲ್ಲಿ ಕಳೆದು ಉಳಿದ 95, ಬಟ್ಟೆ ಮಗ್ಗದಿಂದ ಇಳಿಯುವ ಮೊದಲೇ ಮನೆಯ ಜೋಳಕ್ಕಾಗುತ್ತದೆ.