ಭಯದ ತರುವಾಯದ ಮಂಕು

ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಿಂದ ಬೆಳಗಿನ ಬಸ್ಸಿನಲ್ಲಿ ಕೋಲಾರದ ಕಾಲೇಜಿಗೆ ಬರುವ ನಮ್ಮಲ್ಲಿ ಕೆಲವರಿಗೆ ಪರೀಕ್ಷೆಯ ಕಾಲದಲ್ಲಿ ಕಾರಣವಿಲ್ಲದೆ ಎದೆ ಬಡಿದುಕೊಂಡು, ಮೈ ಬೆವರುವುದುಂಟು. ಆ ದಿಗಿಲು ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಆಮೇಲಿನದೇ ಕಷ್ಟ: ದಿನಗಟ್ಟಲೆ ಲೋಕವೆಲ್ಲ ಗಾಜಿನ ಆಚೆಗಿರುವಂತೆ, ತನ್ನ ಧ್ವನಿ ಬೇರೆಯವರದೆಂಬಂತೆ ತೋರುತ್ತದೆ. ಮನೆಯವರು 'ಗಾಳಿ ಸೋಕಿದೆ' ಎಂದಾರು; ತನಗೆ ಹುಚ್ಚು ಹಿಡಿಯಿತೆಂದು ಅವನೇ ನಂಬಿಯಾನು. ಎರಡೂ ಸರಿಯಲ್ಲ. 'ಹಾಗೆ ತೋರುತ್ತಿದೆಯಷ್ಟೆ' ಎಂಬ ಅರಿವು ಅವನಲ್ಲಿ ಉಳಿದೇ ಇರುತ್ತದೆ. ಹುಚ್ಚಿಗೂ ಇದಕ್ಕೂ ಇರುವ ಅಂತರ ಅದೇ.

ಭಯದಲ್ಲಿ ಉಸಿರಾಟದ ವೇಗ ಹೆಚ್ಚಿ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡು ತಗ್ಗುತ್ತದೆ. ಮಿದುಳಿನ ರಕ್ತನಾಳಗಳು ಕಿರಿದಾಗಿ ತಲೆ ತೇಲಿದಂತಾಗುತ್ತದೆ. ಇದು ಬೇಗ ಸರಿಹೋಗುತ್ತದೆ. ಮಂಕನ್ನು ಉಳಿಸುವುದು ಬಹುಮಟ್ಟಿಗೆ ನಾವೇ ಇಡುವ ಕಾವಲು: 'ಇನ್ನೂ ಇದೆಯೇ?' ಎಂದು ಗಳಿಗೆಗೊಮ್ಮೆ ನೋಡಿಕೊಳ್ಳುವುದು. ನೋಯುವ ಹಲ್ಲಿಗೇ ನಾಲಗೆ ಹೋಗುವುದಿಲ್ಲವೇ, ಹಾಗೆ. ನಿದ್ದೆಗೇಡೂ ರಾತ್ರಿಯ ಕಾಫಿಯೂ ಅದಕ್ಕೆ ಕೈಜೋಡಿಸುತ್ತವೆ.

ಉಸಿರನ್ನು ಎಳೆದುದಕ್ಕಿಂತ ನಿಧಾನವಾಗಿ ಬಿಡಬೇಕು. ಮಂಕಿದ್ದರೆ ಇರಲಿ ಎಂದು ಕೈಗೆ ಕೆಲಸ ಕೊಡಬೇಕು. ಟೊಮೇಟೊ ಬಿಡಿಸುವ ಕೆಲಸಕ್ಕಂತೂ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ! ವಾರಗಳಾದರೂ ತಗ್ಗದಿದ್ದರೆ, ಎಚ್ಚರ ತಪ್ಪಿದರೆ, ವೈದ್ಯರನ್ನೇ ಕಾಣಬೇಕು. ಮನೆಯಲ್ಲಿ ಹೇಳಲಾರದವರು 2022ರ ಅಕ್ಟೋಬರಿನಲ್ಲಿ ಆರಂಭವಾದ 'ಟೆಲಿ ಮಾನಸ್'ಗೆ, 14416ಕ್ಕೆ, ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು. ಅದಕ್ಕೆ ಹಣ ಕೊಡಬೇಕಾಗಿಲ್ಲ.