ತತ್ತಿಯ ಕಾವಿಗೆ ತಕ್ಕಡಿಯ ಲೆಕ್ಕ

ನವಲಗುಂದ, ಅಣ್ಣಿಗೇರಿಯ ಎರೆ ಸೀಮೆಯಲ್ಲಿ ಬೇಸಿಗೆಯ ಗಾಳಿ ಒಣ. ಕಲಘಟಗಿಯಲ್ಲಿ ಮಳೆಗಾಲದ ಗಾಳಿ ಹಸಿ. ಸಣ್ಣ ಕಾವು ಯಂತ್ರದಲ್ಲಿ ಜವಾರಿ ಕೋಳಿಮರಿ ಮಾಡಿಸುವವರು ಇದನ್ನು ಮರೆಯಬಾರದು. ಉಷ್ಣತೆ ಸರಿಯಿದ್ದರೂ ತೇವ ಹೆಚ್ಚುಕಡಿಮೆಯಾದರೆ ಮರಿ ಚಿಪ್ಪಿನೊಳಗೇ ಸಾಯುತ್ತದೆ.

ತತ್ತಿ ಆರಿಸುವಾಗ

8–10 ಹ್ಯಾಟೆಗಳಿಗೆ ಒಂದು ಹುಂಜ ಇರಲಿ. ಬಿರುಕು ಬಿಟ್ಟ, ಆಕಾರ ಕೆಟ್ಟ ತತ್ತಿ ಬೇಡ. ಹೊಲಸು ಹತ್ತಿದ್ದರೆ ಒಣ ಬಟ್ಟೆಯಿಂದ ಒರೆಸಿ. ತಣ್ಣೀರಲ್ಲಿ ತೊಳೆದರೆ ಚಿಪ್ಪಿನ ರಂಧ್ರಗಳಿಂದ ಹೊಲಸು ಒಳಗಿಳಿಯುತ್ತದೆ. ಮೊನಚು ತುದಿ ಕೆಳಗಿರಲಿ, 7 ದಿನದೊಳಗೆ ಕಾವಿಗೆ ಇಡಿ. ಬೇಸಿಗೆಯಲ್ಲಿ ತಗಡಿನ ಮನೆಯೊಳಗಿಟ್ಟ ತತ್ತಿಯಲ್ಲಿ ಭ್ರೂಣ ಕಾವಿಗೆ ಮುಂಚೆಯೇ ಅರೆಬರೆ ಬೆಳೆದು ಸಾಯುತ್ತದೆ. ನೆರಳಿನಲ್ಲಿ ಹಸಿ ಉಸುಕಿನ ಮೇಲೆ ಮಣ್ಣಿನ ಗಡಿಗೆ ಇಟ್ಟು, ಅದರಲ್ಲಿ ತತ್ತಿ ಕೂಡಿಡಿ.

ಯಂತ್ರದೊಳಗೆ

ಫ್ಯಾನ್ ಇರುವ ಯಂತ್ರದಲ್ಲಿ ಉಷ್ಣತೆ 37.5ರಿಂದ 37.8 ಡಿಗ್ರಿ ಸೆಲ್ಸಿಯಸ್ ಇರಲಿ. ತೇವಾಂಶ ಮೊದಲ 18 ದಿನ ಶೇ. 50–55, ಕೊನೆಯ 3 ದಿನ ಶೇ. 65–70 ಬೇಕು. ದಿನಕ್ಕೆ 5 ಸಲವಾದರೂ ತತ್ತಿ ಹೊರಳಿಸಿ. 18ನೇ ದಿನ ನಿಲ್ಲಿಸಿ. 21ನೇ ದಿನ ಮರಿ ಹೊರಬರುತ್ತದೆ.

ತೂಕವೇ ಸಾಕ್ಷಿ

ಅಗ್ಗದ ತೇವಮಾಪಕ ತಪ್ಪು ತೋರಿಸಬಹುದು. ಕಾವಿನಲ್ಲಿ ತತ್ತಿಯ ನೀರು ಆರಿ, 18 ದಿನಕ್ಕೆ ತೂಕ ಶೇ. 12ರಷ್ಟು ಇಳಿಯಬೇಕು. 25 ತತ್ತಿ ಸೇರಿ 1,000 ಗ್ರಾಂ ಇದ್ದರೆ 7ನೇ ದಿನ ಸುಮಾರು 950 ಗ್ರಾಂ ಇರಬೇಕು. 930ಕ್ಕೆ ಇಳಿದಿದ್ದರೆ ನೀರಿನ ತಟ್ಟೆ ಹೆಚ್ಚಿಸಿ, 980ರಲ್ಲೇ ನಿಂತಿದ್ದರೆ ನೀರು ತೆಗೆದು ಗಾಳಿಕಿಂಡಿ ತೆರೆಯಿರಿ. ನವಲಗುಂದದ ಏಪ್ರಿಲ್‌ನಲ್ಲಿ ಮೊದಲನೆಯದು, ಕಲಘಟಗಿಯ ಜುಲೈನಲ್ಲಿ ಎರಡನೆಯದು ಆಗುವ ಸಂಭವ ಹೆಚ್ಚು.

ತೊಂದರೆ, ಕಾರಣ, ಪರಿಹಾರ

• 7ನೇ ದಿನ ತೂಕ ನೋಡಿದ ಮೇಲೆ ಕತ್ತಲಲ್ಲಿ ಬ್ಯಾಟರಿ ಹಿಡಿದಾಗ ತತ್ತಿ ತಿಳಿಯಾಗಿದ್ದರೆ ಅದು ಫಲಿತವಾಗಿಲ್ಲ: ಹುಂಜನ ಸಂಖ್ಯೆ, ವಯಸ್ಸು ನೋಡಿ. ಕೆಂಪು ಉಂಗುರ ಕಂಡರೆ ಭ್ರೂಣ ಸತ್ತಿದೆ: ತತ್ತಿ ಕೂಡಿಟ್ಟ ಜಾಗದ ಬಿಸಿ, ಸಾಗಾಟದ ಕುಲುಕಾಟ ಕಾರಣವಿರಬಹುದು. ಎರಡೂ ಬಗೆಯ ತತ್ತಿ ತೆಗೆದುಬಿಡಿ, ಕೊಳೆತು ಒಡೆದರೆ ಉಳಿದವೂ ಕೆಡುತ್ತವೆ.

• ಮರಿ ಒಣ ಪೊರೆಗೆ ಅಂಟಿ ಸತ್ತಿದ್ದರೆ ತೇವ ಸಾಲಲಿಲ್ಲ. ಊದಿಕೊಂಡು ನೀರು ನೀರಾಗಿ ಸತ್ತಿದ್ದರೆ ತೇವ ಹೆಚ್ಚಾಯಿತು.

• 19–20ನೇ ದಿನವೇ ಮರಿ ಬಂದರೆ ಉಷ್ಣತೆ ಹೆಚ್ಚಿತ್ತು. 22 ದಾಟಿದರೆ ಕಡಿಮೆಯಿತ್ತು. ಇನ್ನೊಂದು ಥರ್ಮಾಮೀಟರ್ ಇಟ್ಟು ತಾಳೆ ನೋಡಿ.

• ಕರೆಂಟ್ ಹೋದರೆ ಮುಚ್ಚಳ ತೆರೆಯಬೇಡಿ, ಮೇಲೆ ಕಂಬಳಿ ಹೊದಿಸಿ, ಗಾಳಿಕಿಂಡಿ ಮಾತ್ರ ಬಿಡಿ. ಕೆಲ ಗಂಟೆ ತಣ್ಣಗಾದರೆ ಮರಿ ತಡವಾಗಿ ಬಂದೀತು. ಆದರೆ ವಿಪರೀತ ಬಿಸಿ ಬಲುಬೇಗ ಕೊಲ್ಲುತ್ತದೆ. ಯಂತ್ರವನ್ನು ಬಿಸಿಲಿಗೆ, ಒಲೆಯ ಹತ್ತಿರ ಇಡಬೇಡಿ.

• ಚಿಪ್ಪು ಕುಕ್ಕಿದ ಮರಿ ಹೊರಬರಲು 12–24 ಗಂಟೆ ಹಿಡಿಯಬಹುದು. ಅವಸರದಿಂದ ಚಿಪ್ಪು ಸುಲಿದರೆ ಪೊರೆಯ ರಕ್ತನಾಳ ಹರಿದು ಮರಿ ಸಾಯುತ್ತದೆ. ಪದೇಪದೇ ಮುಚ್ಚಳ ತೆರೆದರೂ ತೇವ ಹೋಗಿ ಪೊರೆ ಒಣಗುತ್ತದೆ.

ಮರಿಗಳ ಪುಕ್ಕ ಒಣಗಿದ ಮೇಲೆ ಬಲ್ಬಿನ ಕೆಳಗೆ 32–35 ಡಿಗ್ರಿ ಬಿಸಿಯಲ್ಲಿಟ್ಟು ನೀರು, ನುಚ್ಚು ಕೊಡಿ. 5–7ನೇ ದಿನ ರಾಣಿಖೇತ್ ಲಸಿಕೆಯ ಕಣ್ಣಿನ ಹನಿ ಹಾಕಿಸಲು ಹತ್ತಿರದ ಪಶು ಆಸ್ಪತ್ರೆಯಲ್ಲಿ ಮೊದಲೇ ಹೇಳಿಡಿ. ಪ್ರತಿ ಸಲದ ತೂಕ, ಹೊರಬಂದ ಮರಿಗಳ ಲೆಕ್ಕ ಬರೆದಿಟ್ಟರೆ, ಯಾವ ತಿಂಗಳಲ್ಲಿ ಎಷ್ಟು ನೀರು ಬೇಕೆಂಬುದು ನಿಮ್ಮ ಊರಿನ ಹವೆಗೇ ಹೊಂದಿ ಗೊತ್ತಾಗುತ್ತದೆ.